ವರ್ಚುವಲ್ ಮಷೀನ್

ವರ್ಚುವಲ್ ಮಷೀನ್ ಎಂದರೆ ನೈಜ ಗಣಕಯಂತ್ರವೊಂದರ ಒಳಗೆ ತಂತ್ರಾಂಶದ ಮೂಲಕ ರೂಪಿಸಲಾದ ಮತ್ತೊಂದು ಗಣಕಯಂತ್ರ. ಇದಕ್ಕೆ ತನ್ನದೇ ಆದ ಪ್ರೊಸೆಸರ್, ಮೆಮೊರಿ, ಹಾರ್ಡ್ ಡಿಸ್ಕ್, ಪರದೆ ಮತ್ತು ಜಾಲ ಸಂಪರ್ಕ ಇರುವಂತೆ ತೋರುತ್ತದೆ. ಅದರಲ್ಲಿ ಪೂರ್ಣ ಪ್ರಮಾಣದ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಅನುಸ್ಥಾಪಿಸಿ ಬಳಸಬಹುದು. ಉದಾಹರಣೆಗೆ, ವಿಂಡೋಸ್ ಇರುವ ಮನೆಯ ಗಣಕದಲ್ಲಿ ಒಂದು ವಿಂಡೋದ ಒಳಗೆ ಉಬುಂಟು ಲಿನಕ್ಸ್ ನಡೆಸುವುದು, ಅಥವಾ ಲಿನಕ್ಸ್ ಗಣಕದಲ್ಲಿ ಹಳೆಯ ವಿಂಡೋಸ್ ಆವೃತ್ತಿಯನ್ನು ನಡೆಸುವುದು ಇದರಿಂದ ಸಾಧ್ಯ. ಗಣಕವನ್ನು ಮತ್ತೆ ಆರಂಭಿಸದೆಯೇ ಎರಡೂ ವ್ಯವಸ್ಥೆಗಳು ಏಕಕಾಲದಲ್ಲಿ ಕೆಲಸ ಮಾಡುತ್ತವೆ.

ಗಣಕದ ಮೇಲೆ ನೇರವಾಗಿ ನಡೆಯುವ ವ್ಯವಸ್ಥೆಯನ್ನು ಆತಿಥೇಯ ವ್ಯವಸ್ಥೆ ಎಂದೂ, ವರ್ಚುವಲ್ ಮಷೀನಿನ ಒಳಗೆ ನಡೆಯುವ ವ್ಯವಸ್ಥೆಯನ್ನು ಅತಿಥಿ ವ್ಯವಸ್ಥೆ ಎಂದೂ ಕರೆಯಲಾಗುತ್ತದೆ. ಇವೆರಡರ ನಡುವೆ ನಿಂತು ಯಂತ್ರಾಂಶವನ್ನು ಹಂಚಿಕೊಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ವರ್ಚುವಲ್‌ಬಾಕ್ಸ್, ವಿಎಂವೇರ್ ವರ್ಕ್‌ಸ್ಟೇಷನ್, ಹೈಪರ್-ವಿ, ಕೆವಿಎಂ ಮತ್ತು ಪ್ಯಾರಲಲ್ಸ್ ಡೆಸ್ಕ್‌ಟಾಪ್ ಇವು ಮನೆಯ ಗಣಕಗಳಲ್ಲಿ ಬಳಕೆಯಲ್ಲಿರುವ ಪ್ರಮುಖ ಹೈಪರ್‌ವೈಸರ್‌ಗಳು.

ಜಾವಾ ಭಾಷೆಯ ಕ್ರಮವಿಧಿಗಳನ್ನು ನಡೆಸುವ ಜಾವಾ ವರ್ಚುವಲ್ ಮಷೀನ್ ಇದಕ್ಕಿಂತ ಭಿನ್ನವಾದುದು. ಅದು ಒಂದು ಕ್ರಮವಿಧಿಯನ್ನು ಮಾತ್ರ ನಡೆಸುತ್ತದೆ, ಇಡೀ ಕಾರ್ಯಾಚರಣಾ ವ್ಯವಸ್ಥೆಯನ್ನಲ್ಲ.

## ಇತಿಹಾಸ

### ಬೃಹತ್ ಗಣಕಗಳ ಕಾಲ

ಈ ಕಲ್ಪನೆ ಮನೆಯ ಗಣಕಗಳಿಗಿಂತ ಹಳೆಯದು. 1960ರ ದಶಕದಲ್ಲಿ ಒಂದೊಂದು ಗಣಕವೂ ಬಹಳ ದುಬಾರಿಯಾಗಿದ್ದು, ಹಲವರು ಅದನ್ನು ಹಂಚಿಕೊಂಡು ಬಳಸಬೇಕಾಗಿತ್ತು. ಅಮೆರಿಕದ ಕೇಂಬ್ರಿಡ್ಜ್‌ನಲ್ಲಿದ್ದ ಐಬಿಎಂ ಸಂಸ್ಥೆಯ ವೈಜ್ಞಾನಿಕ ಕೇಂದ್ರದಲ್ಲಿ ಸಿಪಿ-40 ಎಂಬ ನಿಯಂತ್ರಣ ತಂತ್ರಾಂಶವನ್ನು ರಚಿಸಲಾಯಿತು. ಇದು ಪ್ರತಿಯೊಬ್ಬ ಬಳಕೆದಾರನಿಗೂ ಸಂಪೂರ್ಣ ಸಿಸ್ಟಮ್/360 ಗಣಕವೇ ದೊರೆತಂತೆ ತೋರಿಸುತ್ತಿತ್ತು. ಇದರ ಮುಂದುವರಿಕೆಯಾಗಿ ಸಿಪಿ-67 ಬಂದಿತು. 1972ರಲ್ಲಿ ಐಬಿಎಂ ಇದೇ ತತ್ವದ ಮೇಲೆ ವಿಎಂ/370 ಎಂಬ ವಾಣಿಜ್ಯ ಉತ್ಪನ್ನವನ್ನು ಪ್ರಕಟಿಸಿತು.

1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಒಂದು ಯಂತ್ರವನ್ನು ಹೀಗೆ ಹಂಚಿಕೊಡಲು ಬೇಕಾದ ನಿಯಮಗಳನ್ನು ಗಣಿತದ ರೀತಿಯಲ್ಲಿ ನಿರೂಪಿಸಿದರು. ಅವರ ಪ್ರಕಾರ ಹೈಪರ್‌ವೈಸರ್‌ಗೆ ಮೂರು ಗುಣಗಳಿರಬೇಕು.

* ಸಮಾನತೆ: ಅತಿಥಿ ಕ್ರಮವಿಧಿಯು ನೈಜ ಯಂತ್ರದ ಮೇಲೆ ನಡೆದಂತೆಯೇ ನಡೆಯಬೇಕು.
* ನಿಯಂತ್ರಣ: ಯಂತ್ರದ ಸಂಪನ್ಮೂಲಗಳು ಸದಾ ಹೈಪರ್‌ವೈಸರ್‌ನ ಹಿಡಿತದಲ್ಲಿರಬೇಕು.
* ದಕ್ಷತೆ: ಬಹುಪಾಲು ಆದೇಶಗಳು ಹೈಪರ್‌ವೈಸರ್‌ನ ಮಧ್ಯಪ್ರವೇಶವಿಲ್ಲದೆ ನೇರವಾಗಿ ಪ್ರೊಸೆಸರ್‌ನಲ್ಲಿ ನಡೆಯಬೇಕು.

### ಮನೆಯ ಗಣಕಗಳಿಗೆ ಬಂದ ಬಗೆ

ಮನೆಯ ಗಣಕಗಳಲ್ಲಿ ಬಳಕೆಯಾಗುವ ಎಕ್ಸ್86 ಪ್ರೊಸೆಸರ್‌ಗಳು ಈ ನಿಯಮಗಳಿಗೆ ಹೊಂದುತ್ತಿರಲಿಲ್ಲ. ಆದುದರಿಂದ ಅವುಗಳ ಮೇಲೆ ವರ್ಚುವಲ್ ಮಷೀನ್ ರಚಿಸುವುದು ಕಷ್ಟವೆಂದು ಬಹುಕಾಲ ಭಾವಿಸಲಾಗಿತ್ತು. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಸಂಸ್ಥೆಯು 1999ರಲ್ಲಿ ಬಿಡುಗಡೆ ಮಾಡಿದ ವರ್ಕ್‌ಸ್ಟೇಷನ್ ತಂತ್ರಾಂಶ ಈ ತೊಡಕನ್ನು ನಿವಾರಿಸಿತು. ಸಂಸ್ಥಾಪಕರಲ್ಲಿ ಒಬ್ಬರಾದ ಮೆಂಡೆಲ್ ರೋಸೆನ್‌ಬ್ಲಮ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯವಾಗಿ ಸಂಶೋಧನೆ ನಡೆಸಿದ್ದರು.

2003ರಲ್ಲಿ ಎರಡು ಮುಕ್ತ ತಂತ್ರಾಂಶಗಳು ಬೆಳಕಿಗೆ ಬಂದವು. ಫ್ಯಾಬ್ರಿಸ್ ಬೆಲ್ಲಾರ್ಡ್ ರಚಿಸಿದ ಕ್ಯುಇಎಂಯು ಮೊದಲನೆಯದು. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಝೆನ್ ಎರಡನೆಯದು. 2005ರ ನವೆಂಬರ್‌ನಲ್ಲಿ ಇಂಟೆಲ್ ಸಂಸ್ಥೆಯು ವಿಟಿ-ಎಕ್ಸ್ ಸೌಲಭ್ಯವನ್ನೂ, 2006ರಲ್ಲಿ ಎಎಂಡಿ ಸಂಸ್ಥೆಯು ಎಎಂಡಿ-ವಿ ಸೌಲಭ್ಯವನ್ನೂ ತಮ್ಮ ಪ್ರೊಸೆಸರ್‌ಗಳಲ್ಲಿ ಅಳವಡಿಸಿದವು. ಇದರಿಂದ ಹೈಪರ್‌ವೈಸರ್ ರಚನೆ ಬಹಳ ಸರಳವಾಯಿತು. 2007ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ ಕರ್ನಲ್ 2.6.20ರಲ್ಲಿ ಕೆವಿಎಂ ಸೇರ್ಪಡೆಯಾಯಿತು.

ಜರ್ಮನಿಯ ಇನ್ನೋಟೆಕ್ ಸಂಸ್ಥೆಯು 2007ರಲ್ಲಿ ವರ್ಚುವಲ್‌ಬಾಕ್ಸ್ ಅನ್ನು ಮುಕ್ತ ತಂತ್ರಾಂಶವಾಗಿ ಪ್ರಕಟಿಸಿತು. 2008ರಲ್ಲಿ ಇನ್ನೋಟೆಕ್ ಅನ್ನು ಸನ್ ಮೈಕ್ರೋಸಿಸ್ಟಮ್ಸ್ ಕೊಂಡುಕೊಂಡಿತು. 2010ರಲ್ಲಿ ಸನ್ ಸಂಸ್ಥೆಯೇ ಒರಾಕಲ್ ವಶಕ್ಕೆ ಬಂದುದರಿಂದ ವರ್ಚುವಲ್‌ಬಾಕ್ಸ್ ಈಗ ಒರಾಕಲ್ ಹೆಸರಿನಲ್ಲಿದೆ. ಶುಲ್ಕವಿಲ್ಲದೆ ದೊರೆಯುವುದರಿಂದಲೂ, ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್‌ಓಎಸ್ ಮೂರರಲ್ಲಿಯೂ ನಡೆಯುವುದರಿಂದಲೂ ವಿದ್ಯಾರ್ಥಿಗಳಲ್ಲಿ ಇದರ ಬಳಕೆ ಹೆಚ್ಚು.

## ಕಾರ್ಯವಿಧಾನ

### ಪ್ರೊಸೆಸರ್

ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್, ತಾನೇ ಯಂತ್ರದ ಏಕೈಕ ಒಡೆಯ ಎಂಬ ಗ್ರಹಿಕೆಯಲ್ಲಿ ರಚಿತವಾಗಿರುತ್ತದೆ. ಎಕ್ಸ್86 ಪ್ರೊಸೆಸರ್‌ನಲ್ಲಿ ಅಧಿಕಾರದ ನಾಲ್ಕು ವಲಯಗಳಿವೆ. ಕರ್ನಲ್ ಅತಿ ಹೆಚ್ಚಿನ ಅಧಿಕಾರವುಳ್ಳ ಸೊನ್ನೆಯ ವಲಯದಲ್ಲಿಯೂ, ಸಾಮಾನ್ಯ ಕ್ರಮವಿಧಿಗಳು ಮೂರನೆಯ ವಲಯದಲ್ಲಿಯೂ ನಡೆಯುತ್ತವೆ. ಎರಡು ಕರ್ನಲ್‌ಗಳು ಒಂದೇ ಯಂತ್ರದಲ್ಲಿದ್ದರೆ ಇಬ್ಬರಿಗೂ ಸೊನ್ನೆಯ ವಲಯವನ್ನು ಒಪ್ಪಿಸಲಾಗದು. ಹೀಗಾಗಿ ಅತಿಥಿ ಕರ್ನಲ್ ಅನ್ನು ಕಡಿಮೆ ಅಧಿಕಾರದ ವಲಯಕ್ಕೆ ಇಳಿಸಿ, ಅದು ಅಧಿಕಾರ ಮೀರಿದ ಆದೇಶ ನೀಡಿದಾಗ ಪ್ರೊಸೆಸರ್ ತಡೆದು ಹೈಪರ್‌ವೈಸರ್‌ಗೆ ತಿಳಿಸುವುದು ಮೂಲ ಉಪಾಯ.

ಹಳೆಯ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಈ ಉಪಾಯ ಪೂರ್ಣವಾಗಿ ಫಲಿಸುತ್ತಿರಲಿಲ್ಲ. ಕೆಲವು ಆದೇಶಗಳು ಅಧಿಕಾರವಿಲ್ಲದ ವಲಯದಲ್ಲಿ ಬಂದಾಗ ತಡೆಗೆ ಒಳಗಾಗದೆ ಸದ್ದಿಲ್ಲದೆ ಬೇರೆ ರೀತಿ ವರ್ತಿಸುತ್ತಿದ್ದವು. ಪಾಪ್‌ಎಫ್ ಎಂಬ ಆದೇಶ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಡಚಣೆ ಸಂಕೇತಗಳನ್ನು ನಿಲ್ಲಿಸಲೆಂದು ಅತಿಥಿ ಕರ್ನಲ್ ಈ ಆದೇಶ ನೀಡಿದರೆ ಪ್ರೊಸೆಸರ್ ದೋಷವನ್ನೂ ತೋರಿಸದೆ, ಕೆಲಸವನ್ನೂ ಮಾಡದೆ ಮುಂದೆ ಸಾಗುತ್ತಿತ್ತು. ಹೈಪರ್‌ವೈಸರ್‌ಗೆ ಇದರ ಸುಳಿವೇ ಸಿಗುತ್ತಿರಲಿಲ್ಲ. ವಿಎಂವೇರ್ ಇಂತಹ ಆದೇಶಗಳನ್ನು ನಡೆಯುವ ಮೊದಲೇ ಗುರುತಿಸಿ, ಸುರಕ್ಷಿತ ಆದೇಶಗಳಾಗಿ ಬದಲಾಯಿಸುವ ದ್ವಿಮಾನ ಅನುವಾದ ವಿಧಾನವನ್ನು ಬಳಸಿತು. ಝೆನ್ ಇನ್ನೊಂದು ದಾರಿ ಹಿಡಿದು, ಅತಿಥಿ ಕರ್ನಲ್ ಅನ್ನೇ ತಿದ್ದಿ, ಕಷ್ಟದ ಕೆಲಸಗಳಿಗೆ ನೇರವಾಗಿ ಹೈಪರ್‌ವೈಸರ್‌ನ ನೆರವು ಕೇಳುವಂತೆ ಮಾಡಿತು.

ವಿಟಿ-ಎಕ್ಸ್ ಮತ್ತು ಎಎಂಡಿ-ವಿ ಬಂದ ಮೇಲೆ ಪ್ರೊಸೆಸರ್‌ನಲ್ಲಿಯೇ ಅತಿಥಿಗಾಗಿ ಪ್ರತ್ಯೇಕ ಸ್ಥಿತಿ ಏರ್ಪಟ್ಟಿತು. ಅತಿಥಿ ಕರ್ನಲ್ ತನ್ನ ಸೊನ್ನೆಯ ವಲಯದಲ್ಲಿಯೇ ನಡೆಯುತ್ತದೆ. ಸೂಕ್ಷ್ಮವಾದ ಆದೇಶ ಬಂದಾಗ ಮಾತ್ರ ಪ್ರೊಸೆಸರ್ ಅತಿಥಿಯಿಂದ ಹೊರಬಂದು ಹೈಪರ್‌ವೈಸರ್‌ಗೆ ಹಿಡಿತ ಒಪ್ಪಿಸುತ್ತದೆ. ಈ ಸೌಲಭ್ಯ ಸಾರ್ವತ್ರಿಕವಾದುದರಿಂದ ವರ್ಚುವಲ್‌ಬಾಕ್ಸ್ 6.1ನೆಯ ಆವೃತ್ತಿಯಿಂದ ಹಳೆಯ ತಂತ್ರಾಂಶ ವಿಧಾನವನ್ನು ಕೈಬಿಟ್ಟಿದೆ.

### ಮೆಮೊರಿ

ಅತಿಥಿ ವ್ಯವಸ್ಥೆಯು ತನ್ನ ಮೆಮೊರಿ ಸೊನ್ನೆಯ ವಿಳಾಸದಿಂದ ಆರಂಭವಾಗುತ್ತದೆ ಎಂದು ತಿಳಿದಿರುತ್ತದೆ. ವಾಸ್ತವದಲ್ಲಿ ಅದಕ್ಕೆ ದೊರೆತಿರುವುದು ಆತಿಥೇಯದ ಮೆಮೊರಿಯಲ್ಲಿ ಅಲ್ಲಲ್ಲಿ ಹರಡಿದ ಪುಟಗಳು. ಆದುದರಿಂದ ಪ್ರತಿ ವಿಳಾಸವನ್ನೂ ಎರಡು ಬಾರಿ ಪರಿವರ್ತಿಸಬೇಕಾಗುತ್ತದೆ. ಮೊದಲು ಅತಿಥಿಯ ಕ್ರಮವಿಧಿಯ ವಿಳಾಸದಿಂದ ಅತಿಥಿಯ ಭೌತಿಕ ವಿಳಾಸಕ್ಕೆ, ಆಮೇಲೆ ಅಲ್ಲಿಂದ ನೈಜ ಯಂತ್ರದ ವಿಳಾಸಕ್ಕೆ. ಮೊದಲು ಹೈಪರ್‌ವೈಸರ್ ಇದಕ್ಕಾಗಿ ನೆರಳು ಪಟ್ಟಿಗಳನ್ನು ಇಟ್ಟುಕೊಂಡು ಸತತವಾಗಿ ತಿದ್ದುತ್ತಿತ್ತು. ಇತ್ತೀಚಿನ ಪ್ರೊಸೆಸರ್‌ಗಳು ಎರಡನೆಯ ಪರಿವರ್ತನೆಯನ್ನು ಯಂತ್ರಾಂಶದಲ್ಲಿಯೇ ಮಾಡುವುದರಿಂದ ವೇಗ ಗಣನೀಯವಾಗಿ ಹೆಚ್ಚಿದೆ.

### ಡಿಸ್ಕ್ ಮತ್ತು ಇತರ ಸಾಧನಗಳು

ಅತಿಥಿಗೆ ಹಾರ್ಡ್ ಡಿಸ್ಕ್ ಆಗಿ ಕಾಣುವುದು ಆತಿಥೇಯದಲ್ಲಿ ಕೇವಲ ಒಂದು ದೊಡ್ಡ ಕಡತ. ವರ್ಚುವಲ್‌ಬಾಕ್ಸ್ ಇದಕ್ಕೆ ವಿಡಿಐ, ವಿಎಂವೇರ್ ವಿಎಂಡಿಕೆ, ಕ್ಯುಇಎಂಯು ಕ್ಯುಕೌ2 ಮಾದರಿಗಳನ್ನು ಬಳಸುತ್ತವೆ. ಬೆಳೆಯುವ ಡಿಸ್ಕ್ ಆಯ್ಕೆ ಮಾಡಿದರೆ, ಅತಿಥಿಗೆ 50 ಜಿಬಿ ಎಂದು ತೋರಿಸಿದರೂ ನಿಜವಾಗಿ ತುಂಬಿದಷ್ಟು ಜಾಗವನ್ನು ಮಾತ್ರ ಕಡತ ಆಕ್ರಮಿಸುತ್ತದೆ. ಒಮ್ಮೆ ಬೆಳೆದ ಕಡತವು ಅತಿಥಿಯೊಳಗೆ ಕಡತಗಳನ್ನು ಅಳಿಸಿದ ಮಾತ್ರಕ್ಕೆ ಸಾಮಾನ್ಯವಾಗಿ ಕುಗ್ಗುವುದಿಲ್ಲ.

ಜಾಲ ಕಾರ್ಡ್, ಧ್ವನಿ ಕಾರ್ಡ್ ಮುಂತಾದವನ್ನು ಹೈಪರ್‌ವೈಸರ್ ಅನುಕರಿಸುತ್ತದೆ. ಅತಿಥಿಯೊಳಗೆ ಗೆಸ್ಟ್ ಅಡಿಷನ್ಸ್ ಅಥವಾ ವಿಎಂವೇರ್ ಟೂಲ್ಸ್‌ನಂತಹ ಸಹಾಯಕ ತಂತ್ರಾಂಶವನ್ನು ಅನುಸ್ಥಾಪಿಸಿದರೆ ಪರದೆಯ ಅಳತೆ ತಾನಾಗಿ ಹೊಂದಿಕೊಳ್ಳುತ್ತದೆ. ಎರಡು ವ್ಯವಸ್ಥೆಗಳ ನಡುವೆ ಪಠ್ಯವನ್ನು ನಕಲಿಸುವುದೂ, ಕಡತಕೋಶಗಳನ್ನು ಹಂಚಿಕೊಳ್ಳುವುದೂ ಆಗ ಸಾಧ್ಯವಾಗುತ್ತದೆ.

## ವಿಧಗಳು

ಹೈಪರ್‌ವೈಸರ್‌ಗಳನ್ನು ಎರಡು ವಿಧಗಳಾಗಿ ವಿಂಗಡಿಸುವುದು ರೂಢಿ. ಮೊದಲನೆಯ ವಿಧ ಯಂತ್ರಾಂಶದ ಮೇಲೆ ನೇರವಾಗಿ ನಡೆಯುತ್ತದೆ. ಝೆನ್ ಮತ್ತು ಹೈಪರ್-ವಿ ಈ ಗುಂಪಿಗೆ ಸೇರುತ್ತವೆ. ಎರಡನೆಯ ವಿಧ ಆತಿಥೇಯ ವ್ಯವಸ್ಥೆಯ ಒಳಗೆ ಇತರ ತಂತ್ರಾಂಶಗಳಂತೆಯೇ ನಡೆಯುತ್ತದೆ. ವರ್ಚುವಲ್‌ಬಾಕ್ಸ್ ಮತ್ತು ವಿಎಂವೇರ್ ವರ್ಕ್‌ಸ್ಟೇಷನ್ ಇದಕ್ಕೆ ಉದಾಹರಣೆ. ಕೆವಿಎಂ ಲಿನಕ್ಸ್ ಕರ್ನಲ್ ಅನ್ನೇ ಹೈಪರ್‌ವೈಸರ್ ಆಗಿ ಮಾರ್ಪಡಿಸುವುದರಿಂದ ಈ ವಿಂಗಡಣೆಯಲ್ಲಿ ಸುಲಭವಾಗಿ ಕೂರುವುದಿಲ್ಲ.

ಇದೇ ಉದ್ದೇಶಕ್ಕೆ ಬಳಸುವ ಇತರ ವಿಧಾನಗಳೂ ಇವೆ.

* ದ್ವಂದ್ವ ಆರಂಭ: ಒಂದೇ ಡಿಸ್ಕ್‌ನ ಬೇರೆ ಬೇರೆ ಭಾಗಗಳಲ್ಲಿ ಎರಡು ವ್ಯವಸ್ಥೆಗಳನ್ನು ಇರಿಸಿ, ಗಣಕ ಆರಂಭಿಸುವಾಗ ಒಂದನ್ನು ಆರಿಸಿಕೊಳ್ಳುವುದು. ಪೂರ್ಣ ವೇಗ ದೊರೆಯುತ್ತದೆ. ಆದರೆ ಒಂದು ಸಮಯಕ್ಕೆ ಒಂದೇ ವ್ಯವಸ್ಥೆ ನಡೆಯುತ್ತದೆ, ಮತ್ತು ಡಿಸ್ಕ್ ವಿಭಜಿಸುವಾಗ ತಪ್ಪಾದರೆ ಇರುವ ದತ್ತಾಂಶ ನಾಶವಾಗಬಹುದು.
* ಅನುಕರಣೆ: ಬೇರೆಯೇ ಜಾತಿಯ ಪ್ರೊಸೆಸರ್ ಅನ್ನು ತಂತ್ರಾಂಶದಿಂದ ಅನುಕರಿಸುವುದು. ಪ್ರತಿ ಆದೇಶವನ್ನೂ ಅನುವಾದಿಸಬೇಕಾದುದರಿಂದ ಇದು ನಿಧಾನ.
* ಹೊಂದಾಣಿಕೆ ಪದರ: 1993ರಲ್ಲಿ ಆರಂಭವಾದ ವೈನ್ ಯೋಜನೆಯು ವಿಂಡೋಸ್ ಇಲ್ಲದೆಯೇ ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುತ್ತದೆ. ಎಲ್ಲ ತಂತ್ರಾಂಶಗಳೂ ಇದರಲ್ಲಿ ಸರಿಯಾಗಿ ನಡೆಯುವುದಿಲ್ಲ.
* ಕಂಟೇನರ್: ಡಾಕರ್‌ನಂತಹ ವ್ಯವಸ್ಥೆಯಲ್ಲಿ ಕರ್ನಲ್ ಒಂದೇ ಇದ್ದು, ಅದರ ಮೇಲಿನ ಭಾಗಗಳು ಮಾತ್ರ ಪ್ರತ್ಯೇಕವಾಗಿರುತ್ತವೆ.
* ಡಬ್ಲ್ಯುಎಸ್ಎಲ್: ವಿಂಡೋಸ್‌ನಲ್ಲಿ ಲಿನಕ್ಸ್ ಬಳಸಲು ಮೈಕ್ರೋಸಾಫ್ಟ್ ಒದಗಿಸಿರುವ ಸೌಲಭ್ಯ. ಇದರ ಎರಡನೆಯ ಆವೃತ್ತಿಯು ಹಗುರವಾದ ವರ್ಚುವಲ್ ಮಷೀನಿನಲ್ಲಿ ನಿಜವಾದ ಲಿನಕ್ಸ್ ಕರ್ನಲ್ ಅನ್ನೇ ನಡೆಸುತ್ತದೆ.

## ಮನೆಯ ಗಣಕದಲ್ಲಿ ಅಳವಡಿಕೆ

### ಪೂರ್ವಸಿದ್ಧತೆ

ಮೊದಲಿಗೆ ಪ್ರೊಸೆಸರ್‌ನ ವರ್ಚುವಲೀಕರಣ ಸೌಲಭ್ಯ ಚಾಲನೆಯಲ್ಲಿದೆಯೇ ಎಂದು ನೋಡಬೇಕು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ವಿಭಾಗದ ಸಿಪಿಯು ಪುಟದಲ್ಲಿ ಇದು ಕಾಣುತ್ತದೆ. ಸೌಲಭ್ಯ ನಿಂತಿದ್ದರೆ ಗಣಕದ ಬಯಾಸ್ ಅಥವಾ ಯುಇಎಫ್ಐ ಸಂಯೋಜನೆಯಲ್ಲಿ ಅದನ್ನು ಚಾಲನೆಗೊಳಿಸಬೇಕು. ಇಂಟೆಲ್ ಗಣಕಗಳಲ್ಲಿ ಇದು ವರ್ಚುವಲೈಸೇಷನ್ ಟೆಕ್ನಾಲಜಿ ಎಂಬ ಹೆಸರಿನಲ್ಲಿಯೂ, ಎಎಂಡಿ ಗಣಕಗಳಲ್ಲಿ ಹಲವೆಡೆ ಎಸ್‌ವಿಎಂ ಎಂಬ ಹೆಸರಿನಲ್ಲಿಯೂ ಇರುತ್ತದೆ.

ಎರಡನೆಯದು ಮೆಮೊರಿಯ ಲೆಕ್ಕ. ಅತಿಥಿಗೆ ಕೊಟ್ಟ ಮೆಮೊರಿ ಆತಿಥೇಯದಿಂದ ಕಳೆದುಹೋಗುತ್ತದೆ. 8 ಜಿಬಿ ಇರುವ ಗಣಕದಲ್ಲಿ ಅತಿಥಿಗೆ 4 ಜಿಬಿಗಿಂತ ಹೆಚ್ಚು ಕೊಡುವುದು ಉಚಿತವಲ್ಲ. ಎರಡೂ ವ್ಯವಸ್ಥೆಗಳಿಗೆ ಸಾಲದಾದಾಗ ಆತಿಥೇಯವು ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಬರೆಯತೊಡಗಿ ಇಡೀ ಗಣಕ ತೆವಳುತ್ತದೆ. 4 ಜಿಬಿ ಮಾತ್ರ ಇರುವ ಗಣಕದಲ್ಲಿ ಹಗುರವಾದ ಲಿನಕ್ಸ್ ವಿತರಣೆಗಳನ್ನು ಮಾತ್ರ ನಿರೀಕ್ಷಿಸಬಹುದು.

### ಕ್ರಮ

1. ಹೈಪರ್‌ವೈಸರ್ ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದ ಪಡೆದು ಅನುಸ್ಥಾಪಿಸುವುದು.
2. ಅತಿಥಿ ವ್ಯವಸ್ಥೆಯ ಐಎಸ್ಒ ಕಡತವನ್ನು ಅದರ ಅಧಿಕೃತ ತಾಣದಿಂದ ಇಳಿಸಿಕೊಳ್ಳುವುದು.
3. ಹೊಸ ವರ್ಚುವಲ್ ಮಷೀನ್ ರಚಿಸಿ ಮೆಮೊರಿ, ಪ್ರೊಸೆಸರ್ ತಿರುಳುಗಳ ಸಂಖ್ಯೆ ಮತ್ತು ಡಿಸ್ಕ್ ಗಾತ್ರವನ್ನು ನಿಗದಿಪಡಿಸುವುದು. ಉಬುಂಟು ಡೆಸ್ಕ್‌ಟಾಪ್‌ಗೆ 25 ಜಿಬಿ ಡಿಸ್ಕ್ ಮತ್ತು 4 ಜಿಬಿ ಮೆಮೊರಿ ಸಾಮಾನ್ಯವಾಗಿ ಸಾಕು.
4. ಐಎಸ್ಒ ಕಡತವನ್ನು ಕಾಲ್ಪನಿಕ ಸಿಡಿ ಚಾಲಕಕ್ಕೆ ಜೋಡಿಸಿ ಯಂತ್ರವನ್ನು ಆರಂಭಿಸುವುದು.
5. ಅನುಸ್ಥಾಪನೆ ಮುಗಿದ ಮೇಲೆ ಐಎಸ್ಒ ಕಡತವನ್ನು ತೆಗೆದು, ಸಹಾಯಕ ತಂತ್ರಾಂಶವನ್ನು ಸೇರಿಸುವುದು.

ಅನುಸ್ಥಾಪನೆಯ ವೇಳೆ ಅತಿಥಿ ವ್ಯವಸ್ಥೆಯು ಡಿಸ್ಕ್ ಪೂರ್ಣವಾಗಿ ಅಳಿಸಲಾಗುವುದು ಎಂದು ಎಚ್ಚರಿಸುತ್ತದೆ. ಇಲ್ಲಿ ಅಳಿಯುವುದು ಕಾಲ್ಪನಿಕ ಡಿಸ್ಕ್ ಮಾತ್ರ. ಆತಿಥೇಯದ ಕಡತಗಳಿಗೆ ಧಕ್ಕೆಯಾಗುವುದಿಲ್ಲ. ಇದೇ ಎಚ್ಚರಿಕೆ ದ್ವಂದ್ವ ಆರಂಭದ ಅನುಸ್ಥಾಪನೆಯಲ್ಲಿ ಕಂಡುಬಂದರೆ ಅದು ನೈಜ ಡಿಸ್ಕ್‌ಗೆ ಸಂಬಂಧಿಸಿರುತ್ತದೆ.

ಮೌಸ್ ಅತಿಥಿಯೊಳಗೆ ಸಿಲುಕಿಕೊಂಡರೆ ವರ್ಚುವಲ್‌ಬಾಕ್ಸ್‌ನಲ್ಲಿ ಬಲಗಡೆಯ ಕಂಟ್ರೋಲ್ ಕೀಲಿಯನ್ನೂ, ವಿಎಂವೇರ್‌ನಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನೂ ಒತ್ತಿ ಬಿಡಿಸಿಕೊಳ್ಳಬಹುದು. ವಿಂಡೋಸ್‌ನಲ್ಲಿ ಹೈಪರ್-ವಿ ಚಾಲನೆಯಲ್ಲಿದ್ದರೆ ವರ್ಚುವಲ್‌ಬಾಕ್ಸ್ ಅದರ ಮೂಲಕವೇ ನಡೆಯಬೇಕಾಗಿ ನಿಧಾನವಾಗಬಹುದು. ಆಗ ವಿಂಡೋದ ಕೆಳಪಟ್ಟಿಯಲ್ಲಿ ಆಮೆಯ ಚಿಹ್ನೆ ಕಾಣಿಸಿಕೊಳ್ಳುತ್ತದೆ.

### ಜಾಲ ಸಂಪರ್ಕ

ಪೂರ್ವನಿಯೋಜಿತವಾದ ನ್ಯಾಟ್ ವಿಧಾನದಲ್ಲಿ ಅತಿಥಿಯು ಆತಿಥೇಯದ ಹಿಂದೆ ಅಡಗಿ ಅಂತರಜಾಲವನ್ನು ಬಳಸುತ್ತದೆ. ಹೊರಗಿನ ಯಂತ್ರಗಳು ಅದನ್ನು ನೇರವಾಗಿ ತಲುಪಲಾರವು. ಬ್ರಿಡ್ಜ್ ವಿಧಾನದಲ್ಲಿ ಅತಿಥಿಯು ಮನೆಯ ಜಾಲದಲ್ಲಿ ಪ್ರತ್ಯೇಕ ಗಣಕದಂತೆ ತನ್ನದೇ ವಿಳಾಸ ಪಡೆಯುತ್ತದೆ. ಹೋಸ್ಟ್-ಓನ್ಲಿ ವಿಧಾನದಲ್ಲಿ ಅತಿಥಿ ಮತ್ತು ಆತಿಥೇಯದ ನಡುವೆ ಮಾತ್ರ ಸಂಪರ್ಕವಿರುತ್ತದೆ. ಸಾಮಾನ್ಯ ಬಳಕೆಗೆ ನ್ಯಾಟ್ ಸೂಕ್ತ.

## ಉಪಯೋಗಗಳು

ಹೊಸ ಕಾರ್ಯಾಚರಣಾ ವ್ಯವಸ್ಥೆಯನ್ನು ಕಲಿಯುವುದು, ತಂತ್ರಾಂಶವನ್ನು ಹಲವು ವ್ಯವಸ್ಥೆಗಳಲ್ಲಿ ಪರೀಕ್ಷಿಸುವುದು, ಜಾಲ ನಿರ್ವಹಣೆಯ ಅಭ್ಯಾಸ ಇವು ಮುಖ್ಯ ಉಪಯೋಗಗಳು. ಕುಟುಂಬಕ್ಕೆಲ್ಲ ಒಂದೇ ಗಣಕವಿರುವಾಗ ವಿದ್ಯಾರ್ಥಿಯೊಬ್ಬರು ಇತರರ ಕಡತಗಳಿಗೆ ತೊಂದರೆಯಾಗದಂತೆ ಪ್ರಯೋಗ ನಡೆಸಲು ಇದು ಸುರಕ್ಷಿತ ಮಾರ್ಗ. ಮೊಬೈಲ್ ತಂತ್ರಾಂಶ ರಚಿಸುವವರು ಬಳಸುವ ಆಂಡ್ರಾಯ್ಡ್ ಎಮ್ಯುಲೇಟರ್ ಕೂಡ ಕ್ಯುಇಎಂಯು ಆಧಾರಿತವಾದ ವರ್ಚುವಲ್ ಸಾಧನವೇ ಆಗಿದೆ.

### ಹಳೆಯ ದಾಖಲೆಗಳ ಸಂರಕ್ಷಣೆ

ತಂತ್ರಾಂಶ ಹಳತಾದಾಗ ಅದರಲ್ಲಿ ರಚಿಸಿದ ಕಡತಗಳೂ ಓದಲಾಗದ ಸ್ಥಿತಿಗೆ ಬರುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆಯೇ ವಿಂಡೋಸ್ 7ರ ಕೆಲವು ಆವೃತ್ತಿಗಳೊಂದಿಗೆ ಎಕ್ಸ್‌ಪಿ ಮೋಡ್ ಎಂಬ ವರ್ಚುವಲ್ ಮಷೀನ್ ಅನ್ನು ಒದಗಿಸಿದ್ದು ಈ ಕಾರಣದಿಂದ.

ಕನ್ನಡದ ಬಳಕೆದಾರರಿಗೂ ಈ ಪ್ರಶ್ನೆ ಸಂಬಂಧಿಸಿದೆ. ಯೂನಿಕೋಡ್ ವ್ಯಾಪಕವಾಗುವ ಮೊದಲು ನುಡಿ, ಬರಹ ಮುಂತಾದ ವಿಂಡೋಸ್ ತಂತ್ರಾಂಶಗಳಲ್ಲಿ ಸಿದ್ಧವಾದ ಅನೇಕ ಕಡತಗಳು ಆಯಾ ಫಾಂಟ್‌ಗಳ ಸಂಕೇತ ವಿಧಾನವನ್ನು ಅವಲಂಬಿಸಿವೆ. ಆ ಫಾಂಟ್ ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತವೆ. ಲಿನಕ್ಸ್‌ಗೆ ಬದಲಾದವರು ಹಳೆಯ ವಿಂಡೋಸ್ ಆವೃತ್ತಿಯನ್ನು ವರ್ಚುವಲ್ ಮಷೀನಿನಲ್ಲಿ ಉಳಿಸಿಕೊಂಡರೆ, ಇಂತಹ ಕಡತಗಳನ್ನು ಮೂಲ ವಿನ್ಯಾಸದಲ್ಲಿಯೇ ತೆರೆದು ನೋಡಬಹುದು. ಬಳಿಕ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಪಠ್ಯ ಸರಿಯಾಗಿ ಬಂದಿದೆಯೇ ಎಂದು ಮೂಲದೊಂದಿಗೆ ಹೋಲಿಸಬಹುದು. ವರ್ಚುವಲ್ ಮಷೀನ್ ಇಲ್ಲಿ ಕಾಲಾವಕಾಶ ನೀಡುವ ಸಾಧನ ಮಾತ್ರ. ಶಾಶ್ವತ ಪರಿಹಾರವೆಂದರೆ ಯೂನಿಕೋಡ್ ಪರಿವರ್ತನೆಯೇ.

ಕೀಲಿಮಣೆಯ ವಿನ್ಯಾಸದ ವಿಚಾರದಲ್ಲಿ ಒಂದು ಅಂಶ ಗಮನಾರ್ಹ. ಆತಿಥೇಯವು ಅತಿಥಿಗೆ ಸಾಮಾನ್ಯವಾಗಿ ಕಳುಹಿಸುವುದು ಯಾವ ಕೀಲಿ ಒತ್ತಲಾಯಿತು ಎಂಬ ಸಂಕೇತವನ್ನು, ಅಕ್ಷರವನ್ನಲ್ಲ. ಆದುದರಿಂದ ಆತಿಥೇಯದಲ್ಲಿ ಕನ್ನಡ ಕೀಲಿಮಣೆ ಇದ್ದರೂ ಅತಿಥಿಯಲ್ಲಿ ಇಂಗ್ಲಿಷ್ ಅಕ್ಷರಗಳೇ ಮೂಡಬಹುದು. ಕನ್ನಡ ವಿನ್ಯಾಸವನ್ನು ಅತಿಥಿಯೊಳಗೆ ಪ್ರತ್ಯೇಕವಾಗಿ ಸೇರಿಸಬೇಕು. ಲಿನಕ್ಸ್ ವಿತರಣೆಗಳಲ್ಲಿ ಕಗಪ ವಿನ್ಯಾಸ ಲಭ್ಯವಿದೆ.

## ಸ್ನ್ಯಾಪ್‌ಶಾಟ್

ಯಂತ್ರದ ಒಂದು ಕ್ಷಣದ ಸ್ಥಿತಿಯನ್ನು ದಾಖಲಿಸಿ, ಬೇಕಾದಾಗ ಅದಕ್ಕೆ ಮರಳುವ ಸೌಲಭ್ಯಕ್ಕೆ ಸ್ನ್ಯಾಪ್‌ಶಾಟ್ ಎಂದು ಹೆಸರು. ಪ್ರಯೋಗಕ್ಕೆ ಮುನ್ನ ಸ್ನ್ಯಾಪ್‌ಶಾಟ್ ತೆಗೆದರೆ, ಪ್ರಯೋಗ ಕೆಟ್ಟರೂ ಕೆಲವೇ ಕ್ಷಣಗಳಲ್ಲಿ ಹಿಂದಿನ ಸ್ಥಿತಿಗೆ ಬರಬಹುದು.

ಸ್ನ್ಯಾಪ್‌ಶಾಟ್ ಅನ್ನು ಬ್ಯಾಕಪ್ ಎಂದು ಭಾವಿಸುವುದು ಸಾಮಾನ್ಯವಾದ, ಆದರೆ ಅಪಾಯಕಾರಿಯಾದ ತಪ್ಪು. ಸ್ನ್ಯಾಪ್‌ಶಾಟ್ ತೆಗೆದಾಗ ಇಡೀ ಡಿಸ್ಕ್ ನಕಲಾಗುವುದಿಲ್ಲ. ಮೂಲ ಕಡತ ಹಾಗೆಯೇ ಉಳಿದು, ಮುಂದಿನ ಬದಲಾವಣೆಗಳು ಮಾತ್ರ ಹೊಸ ಕಡತದಲ್ಲಿ ಸೇರುತ್ತವೆ. ಇವೆಲ್ಲ ಸರಪಳಿಯಂತೆ ಒಂದನ್ನೊಂದು ಅವಲಂಬಿಸಿರುತ್ತವೆ. ನಡುವಿನ ಒಂದು ಕಡತ ಅಳಿದರೂ ಅದರ ನಂತರದ ಸ್ಥಿತಿಗಳೆಲ್ಲ ಬಳಕೆಗೆ ಬಾರದಾಗುತ್ತವೆ. ಹಿಂದಿನ ಸ್ಥಿತಿಗೆ ಮರಳಿದಾಗ ಆ ನಂತರ ಅತಿಥಿಯೊಳಗೆ ಉಳಿಸಿದ ಕಡತಗಳು ಕಾಣೆಯಾಗುತ್ತವೆ. ನೈಜ ಡಿಸ್ಕ್ ಕೆಟ್ಟರೆ ಯಂತ್ರವೂ ಸ್ನ್ಯಾಪ್‌ಶಾಟ್‌ಗಳೂ ಒಟ್ಟಿಗೆ ಹೋಗುತ್ತವೆ. ಅತಿಥಿ ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿ, ಅದರ ಕಡತಕೋಶವನ್ನೆಲ್ಲ ಬೇರೊಂದು ಡಿಸ್ಕ್‌ಗೆ ನಕಲಿಸುವುದು ಸರಿಯಾದ ಬ್ಯಾಕಪ್ ಕ್ರಮ.

## ಮಿತಿಗಳು

ಪ್ರೊಸೆಸರ್‌ನ ಸಾಮಾನ್ಯ ಕೆಲಸಗಳಲ್ಲಿ ವೇಗದ ಕೊರತೆ ಅಲ್ಪ. ಮೂರು ಆಯಾಮದ ಚಿತ್ರಗಳುಳ್ಳ ಆಟಗಳು, ವಿಡಿಯೋ ಸಂಪಾದನೆ ಮುಂತಾದ ಗ್ರಾಫಿಕ್ಸ್ ಕೆಲಸಗಳಲ್ಲಿ ಕೊರತೆ ಎದ್ದು ಕಾಣುತ್ತದೆ.

ಪ್ರೊಸೆಸರ್‌ನ ಜಾತಿ ಮತ್ತೊಂದು ಮಿತಿ. ಆಪಲ್ ಸಂಸ್ಥೆಯು 2020ರಿಂದ ತನ್ನ ಗಣಕಗಳಲ್ಲಿ ಆರ್ಮ್ ಮಾದರಿಯ ಪ್ರೊಸೆಸರ್‌ಗಳನ್ನು ಬಳಸುತ್ತಿದೆ. ಇವುಗಳಲ್ಲಿ ಆರ್ಮ್‌ಗಾಗಿ ಸಿದ್ಧವಾದ ವಿಂಡೋಸ್ ಅಥವಾ ಲಿನಕ್ಸ್ ಮಾತ್ರ ಪೂರ್ಣ ವೇಗದಲ್ಲಿ ನಡೆಯುತ್ತದೆ. ಎಕ್ಸ್86 ವ್ಯವಸ್ಥೆಗಳನ್ನು ನಡೆಸಲು ನಿಧಾನವಾದ ಅನುಕರಣೆಯನ್ನು ಅವಲಂಬಿಸಬೇಕು.

ಬೆಳೆಯುವ ಡಿಸ್ಕ್ ಬಳಸುವಾಗ ಆತಿಥೇಯದ ಡಿಸ್ಕ್ ಭರ್ತಿಯಾದರೆ, ಅತಿಥಿಯಲ್ಲಿ ಜಾಗವಿದೆಯೆಂದು ಕಂಡರೂ ಅದು ಮುಂದೆ ನಡೆಯಲಾರದು.

## ಸುರಕ್ಷತೆ

ಅತಿಥಿಯೊಳಗಿನ ದುರುದ್ದೇಶದ ತಂತ್ರಾಂಶವು ಸಾಮಾನ್ಯವಾಗಿ ಆತಿಥೇಯವನ್ನು ಮುಟ್ಟಲಾರದು. ಆದರೆ ಈ ಗೋಡೆ ಅಭೇದ್ಯವಲ್ಲ. 2015ರಲ್ಲಿ ಬೆಳಕಿಗೆ ಬಂದ ವೆನಮ್ ಎಂಬ ದೋಷವು ಕ್ಯುಇಎಂಯು ಅನುಕರಿಸುವ ಫ್ಲಾಪಿ ಚಾಲಕದ ಭಾಗದಲ್ಲಿತ್ತು. ಫ್ಲಾಪಿಯನ್ನು ಯಾರೂ ಬಳಸದ ಕಾಲದಲ್ಲಿಯೂ, ಆ ಹಳೆಯ ಭಾಗದ ಮೂಲಕ ಅತಿಥಿಯಿಂದ ಹೊರಬರುವ ಸಾಧ್ಯತೆಯಿತ್ತು. ಹೈಪರ್‌ವೈಸರ್ ಅನ್ನು ಕಾಲಕಾಲಕ್ಕೆ ನವೀಕರಿಸುವುದು ಇದಕ್ಕಾಗಿ ಅವಶ್ಯ.

ಮನೆಯ ಬಳಕೆಯಲ್ಲಿ ಹೆಚ್ಚಿನ ಅಪಾಯವಿರುವುದು ಇಂತಹ ಅಪರೂಪದ ದೋಷಗಳಲ್ಲಿ ಅಲ್ಲ, ಬಳಕೆದಾರರೇ ತೆರೆದಿಟ್ಟ ಬಾಗಿಲುಗಳಲ್ಲಿ. ಬರೆಯುವ ಅನುಮತಿಯೊಂದಿಗೆ ಹಂಚಿಕೊಂಡ ಕಡತಕೋಶವನ್ನು ಅತಿಥಿಯಲ್ಲಿ ಸೇರಿದ ರ್ಯಾನ್ಸಮ್‌ವೇರ್ ಕೂಡ ಬರೆಯಬಲ್ಲದು. ಹಂಚಿಕೆಯ ಕಡತಕೋಶವನ್ನು ಓದಲು ಮಾತ್ರ ಎಂದು ನಿಗದಿಪಡಿಸುವುದು ಒಳಿತು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಮೈಕ್ರೋಸಾಫ್ಟ್‌ನ ಬೆಂಬಲ ಮುಗಿದಿದೆ. ಇಂತಹ ವ್ಯವಸ್ಥೆಗಳನ್ನು ಅಂತರಜಾಲದ ಸಂಪರ್ಕ ಕಡಿದು ಮಾತ್ರ ಬಳಸಬೇಕು.

## ಪರವಾನಗಿ

ಲಿನಕ್ಸ್ ವಿತರಣೆಗಳನ್ನು ಎಷ್ಟು ವರ್ಚುವಲ್ ಮಷೀನುಗಳಲ್ಲಿ ಬೇಕಾದರೂ ಅನುಸ್ಥಾಪಿಸಬಹುದು. ವಿಂಡೋಸ್‌ಗೆ ನೈಜ ಗಣಕದಂತೆಯೇ ವರ್ಚುವಲ್ ಮಷೀನಿಗೂ ಪರವಾನಗಿ ಅಗತ್ಯ. ಮ್ಯಾಕ್‌ಓಎಸ್‌ನ ಪರವಾನಗಿಯು ಅದನ್ನು ಆಪಲ್ ಗಣಕಗಳ ಮೇಲೆ ಮಾತ್ರ ನಡೆಸಲು ಅನುಮತಿ ನೀಡುತ್ತದೆ. ವರ್ಚುವಲ್‌ಬಾಕ್ಸ್‌ನ ಮುಖ್ಯ ಭಾಗ ಮುಕ್ತ ತಂತ್ರಾಂಶವಾಗಿದ್ದರೂ, ಅದರ ಎಕ್ಸ್‌ಟೆನ್ಷನ್ ಪ್ಯಾಕ್ ವೈಯಕ್ತಿಕ ಬಳಕೆ, ಶಿಕ್ಷಣ ಮತ್ತು ಪರೀಕ್ಷೆಗೆ ಮಾತ್ರ ಉಚಿತ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರಲ್ಲಿ ಮೊದಲು ವೈಯಕ್ತಿಕ ಬಳಕೆಗೂ, ಅದೇ ವರ್ಷದ ನವೆಂಬರ್‌ನಲ್ಲಿ ಎಲ್ಲ ಬಗೆಯ ಬಳಕೆಗೂ ಉಚಿತವಾಯಿತು. ಹೈಪರ್-ವಿ ವಿಂಡೋಸ್‌ನ ಪ್ರೊ ಮುಂತಾದ ಆವೃತ್ತಿಗಳಲ್ಲಿ ಲಭ್ಯವಿದ್ದು, ಹೋಮ್ ಆವೃತ್ತಿಯಲ್ಲಿ ಅಧಿಕೃತವಾಗಿ ಲಭ್ಯವಿಲ್ಲ.

## ಇವನ್ನೂ ನೋಡಿ

* ಕಾರ್ಯಾಚರಣಾ ವ್ಯವಸ್ಥೆ
* ಲಿನಕ್ಸ್
* ಉಬುಂಟು
* ಯೂನಿಕೋಡ್
* ನುಡಿ (ತಂತ್ರಾಂಶ)
* ಮುಕ್ತ ತಂತ್ರಾಂಶ